ವೈರಸ್ ತಾಳುವ ಟೊಮೆಟೊ ತಳಿ ಮಾಡುತ್ತಿದ್ದೀರಾ? ಎಫ್2 ಹಂತದಲ್ಲಿ ಅವಸರ ಬೇಡ

ರೋಗ ತಾಳುವ ಗಿಡವನ್ನೂ ಒಳ್ಳೆ ಹಣ್ಣಿನ ಗಿಡವನ್ನೂ ಕ್ರಾಸ್ ಮಾಡಿದ ಮೇಲೆ ಮೊದಲ ಪೀಳಿಗೆಯ (ಎಫ್1) ಗಿಡಗಳೆಲ್ಲ ಒಂದೇ ಥರ ಇರುತ್ತವೆ, ಅದನ್ನು ನೋಡಿ ಹಿಗ್ಗಬೇಡಿ. ಆಯ್ಕೆಯ ಕೆಲಸ ಶುರುವಾಗುವುದೇ ಎಫ್2ರಲ್ಲಿ, ಅಂದರೆ ಎಫ್1 ಗಿಡದ ಸ್ವಂತ ಬೀಜದಿಂದ ಬಂದ ಎರಡನೇ ಪೀಳಿಗೆಯಲ್ಲಿ. ಎಲೆ ಮುಟುರು ರೋಗಕ್ಕೆ ಬಳಸುವ ಟಿವೈ-2ರಂಥ ಒಂದೇ ಪ್ರಬಲ ಜೀನ್ (ತಂದೆ-ತಾಯಿಯಲ್ಲಿ ಒಬ್ಬರಿಂದ ಬಂದರೂ ಗುಣ ತೋರಿಸುವಂಥದ್ದು) ಇದ್ದರೆ ಸುಮಾರು 4ರಲ್ಲಿ 3 ಗಿಡ ತಾಳಿಕೊಳ್ಳುತ್ತವೆ. ಆ ಮೂರರಲ್ಲಿ ಶುದ್ಧವಾದದ್ದು, ಅಂದರೆ ಮರಿಗಳೆಲ್ಲ ರೋಗ ತಾಳುವಂಥದ್ದು ಒಂದೇ, ಕಣ್ಣಿಗೆ ಮಾತ್ರ ಮೂರೂ ಒಂದೇ! ಅದಕ್ಕೇ ಒಂದೊಂದು ಗಿಡದ ಬೀಜವನ್ನೂ ಬೇರೆ ಪೊಟ್ಟಣದಲ್ಲಿಟ್ಟು, ಮುಂದಿನ ಸಲ ಗಿಡಕ್ಕೊಂದು ಸಾಲಿನಂತೆ ಹಾಕಿ. ಇಡೀ ಸಾಲಿನಲ್ಲಿ ಒಂದೂ ಮುಟುರದಿದ್ದರೆ ಅದರ ಬೀಜ ಉಳಿಸಿ. ಸಾಲಿಗೆ ಐದಾರು ಗಿಡ ಸಾಲದು, ಇಪ್ಪತ್ತಾದರೂ ಇರಲಿ.

ನಡುನಡುವೆ ಬೇಗ ರೋಗ ತಗಲುವ ತಳಿಯನ್ನೂ ನೆಡಿ. ಅದೂ ಚೆನ್ನಾಗಿದ್ದರೆ ಈ ವೈರಸ್ ಹರಡುವ ಬಿಳಿನೊಣವೇ ಬಂದಿಲ್ಲ ಅಂತರ್ಥ, ಆ ವರ್ಷದ ಆಯ್ಕೆ ನಂಬುವಂಥದ್ದಲ್ಲ. ನಾನು ಹೀಗೆ ಒಂದು ಬೆಳೆ ಪೂರ್ತಿ ಮೋಸಹೋಗಿದ್ದೇನೆ.

ಹಣ್ಣಿನ ವಿಷಯ: ಈ ಜೀನ್‌ಗಳು ಬಂದದ್ದು ಕಾಡು ಟೊಮೆಟೊದಿಂದ, ಪಕ್ಕದ ಬೇಡದ ಗುಣಗಳೂ ಜೊತೆಗೇ ಅಂಟಿಕೊಂಡು ಬರಬಹುದು. ಹಣ್ಣು ಸಣ್ಣದಾದರೆ, ರುಚಿ ಕೆಟ್ಟರೆ ಒಳ್ಳೆ ಹಣ್ಣಿನ ತಳಿಗೇ ಮತ್ತೆ ಮತ್ತೆ ಕ್ರಾಸ್ ಮಾಡಿ, ಪ್ರತಿ ಸಲವೂ ರೋಗ ತಾಳಿದ ಗಿಡವನ್ನೇ ಹಿಡಿಯಿರಿ. ಸಿಹಿ ಅಳೆಯಲು ಬ್ರಿಕ್ಸ್ ಮೀಟರ್ ಇದ್ದರೆ ಒಳ್ಳೆಯದು, ಆದರೆ ಹುಳಿ ಹದವಾಗಿದೆಯೇ ಅನ್ನುವುದನ್ನು ನಾಲಿಗೆಯೇ ಹೇಳಬೇಕು.

ಕ್ರಾಸ್‌ಗೆ ಮೊಗ್ಗು ಅರಳುವ ಹಿಂದಿನ ದಿನವೇ ಕೇಸರ ಕಿತ್ತುಬಿಡಿ. ಅರಳಿದ ಮೇಲಾದರೆ ತನ್ನದೇ ಪರಾಗ ಬಿದ್ದಿರುತ್ತದೆ.