80ನೇ ಪೋರ್ಟ್ ಹಿಡಿದು ಕೂತವರು ಯಾರು?

ಬದಿಯಡ್ಕ ಹತ್ತಿರದ ನಮ್ಮ ವಾಚನಾಲಯದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಿದ್ದೆವು. ಅದನ್ನು ಬ್ರೌಸರಿನಲ್ಲಿ ತೋರಿಸಲು ಅಪಾಚಿ ಸರ್ವರ್ (ಪುಟಗಳನ್ನು ಬ್ರೌಸರಿಗೆ ಒದಗಿಸುವ ಪ್ರೋಗ್ರಾಂ) ಹಾಕಿದರೆ ಅದು ಏಳಲೇ ಇಲ್ಲ. 80ನೇ ಪೋರ್ಟ್ ಸಿಗಲಿಲ್ಲ ಎಂದಿತೇ ಹೊರತು ಅಲ್ಲಿ ಯಾರಿದ್ದಾರೆಂದು ಹೇಳಲಿಲ್ಲ. ವಿಂಡೋಸನ್ನೇ ಹೊಸತಾಗಿ ಹಾಕೋಣ ಎಂದವರೂ ಇದ್ದರು. ದಯವಿಟ್ಟು ಆ ದಾರಿ ಹಿಡಿಯಬೇಡಿ, ಇದು ಐದು ನಿಮಿಷದ ಕೆಲಸ.

ಪೋರ್ಟ್ ಎಂದರೆ ನೆಟ್‌ವರ್ಕಿನಲ್ಲಿ ಬಂದದ್ದು ಯಾವ ಪ್ರೋಗ್ರಾಮಿಗೆ ಸೇರಬೇಕೆಂದು ಹೇಳುವ ಒಂದು ನಂಬರ್. 65,535ರ ವರೆಗೆ ಇವೆ. ಮಾಮೂಲಿ ವೆಬ್ ಪುಟಕ್ಕೆ 80, ಸುರಕ್ಷಿತ ವೆಬ್ ಪುಟದ ಎಚ್‌ಟಿಟಿಪಿಎಸ್‌ಗೆ 443, ಡೇಟಾಬೇಸ್ ಪ್ರೋಗ್ರಾಂ ಆದ ಮೈಎಸ್‌ಕ್ಯೂಎಲ್‌ಗೆ 3306. ಒಂದು ಪ್ರೋಗ್ರಾಂ ಒಂದು ನಂಬರಿನಲ್ಲಿ ಕಾದು ಕೂತರೆ ಸಾಮಾನ್ಯವಾಗಿ ಇನ್ನೊಂದಕ್ಕೆ ಅಲ್ಲಿ ಜಾಗವಿಲ್ಲ.

ವಿಂಡೋಸಿನಲ್ಲಿ ಸುಲಭದ ದಾರಿ ರಿಸೋರ್ಸ್ ಮಾನಿಟರ್. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಹುಡುಕಿ ತೆರೆಯಿರಿ. ನೆಟ್‌ವರ್ಕ್ ಟ್ಯಾಬಿಗೆ ಹೋಗಿ, ಕೆಳಗಿನ ಲಿಸನಿಂಗ್ ಪೋರ್ಟ್ಸ್ ಭಾಗ ಬಿಡಿಸಿ, ಪೋರ್ಟ್ ಎಂಬ ತಲೆಬರಹ ಒತ್ತಿ. ಸಾಲುಗಳು ನಂಬರಿನ ಕ್ರಮದಲ್ಲಿ ನಿಲ್ಲುತ್ತವೆ. 80ರ ಸಾಲಿನಲ್ಲೇ ಪ್ರೋಗ್ರಾಮಿನ ಹೆಸರು, ಅದರ ಪಿಐಡಿ (ಓಡುತ್ತಿರುವ ಪ್ರೋಗ್ರಾಮಿಗೆ ವಿಂಡೋಸ್ ಕೊಡುವ ಗುರುತಿನ ಅಂಕಿ) ಎರಡೂ ಸಿಗುತ್ತವೆ.

ಕಮಾಂಡ್ ಪ್ರಾಂಪ್ಟ್ ಅಭ್ಯಾಸವಿದ್ದವರು ನೆಟ್‌ಸ್ಟ್ಯಾಟ್ ಎಂದು ಟೈಪ್ ಮಾಡಿ, ಜಾಗ ಬಿಟ್ಟು, ಒಂದು ಅಡ್ಡಗೆರೆ (ಹೈಫನ್) ಹಾಕಿ ಅದಕ್ಕೆ ತಾಗಿಸಿ, ನಡುವೆ ಜಾಗ ಬಿಡದೆ, ಎ, ಎನ್, ಒ ಎಂಬ ಇಂಗ್ಲಿಷಿನ ಸಣ್ಣಕ್ಷರಗಳನ್ನು ಬರೆಯಲಿ. ಲೋಕಲ್ ಅಡ್ರೆಸ್ ಕಾಲಮಿನ ಕೊನೆಗೆ 80 ಇದ್ದು, ಸ್ಥಿತಿ ಲಿಸನಿಂಗ್ ಎಂದಿರುವ ಸಾಲು ನಮಗೆ ಬೇಕಾದದ್ದು. ಇಲ್ಲಿ ತಪ್ಪುವವರು ಬಹಳ. 8080 ಕಂಡು 80 ಎಂದುಕೊಳ್ಳುತ್ತಾರೆ, ಇಲ್ಲವೇ ಫಾರಿನ್ ಅಡ್ರೆಸ್‌ನ 80 ನೋಡಿ ಗಾಬರಿಯಾಗುತ್ತಾರೆ. ಅದು ಹೊರಗಿನ ಸೈಟಿನ ಪೋರ್ಟ್, ನಮ್ಮದಲ್ಲ. ಸಾಲಿನ ತುದಿಯ ಅಂಕಿಯೇ ಪಿಐಡಿ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ನಲ್ಲಿ ಅದನ್ನು ಹುಡುಕಿದರೆ ಹೆಸರು ಸಿಕ್ಕಿತು. ಕಂಪ್ಯೂಟರ್ ಮತ್ತೆ ಚಾಲೂ ಮಾಡಿದಾಗ ಪಿಐಡಿ ಬದಲಾಗಬಹುದು, ಹಾಗಾಗಿ ಬರೆದಿಟ್ಟು ಪ್ರಯೋಜನವಿಲ್ಲ.

ನಮಗೆ ಸಿಕ್ಕಿದ್ದು ಪಿಐಡಿ 4, ಹೆಸರು ಸಿಸ್ಟಮ್. ವೈರಸ್ ಇರಬಹುದೇ ಎಂದು ಹೆದರಿದೆವು. ಅಲ್ಲ, ಅದು ವಿಂಡೋಸಿನ ಒಳಭಾಗವೇ. ಅದನ್ನು ಮುಚ್ಚಲು ಹೋಗಬೇಡಿ. ಅದರ ಮೂಲಕ 80 ಹಿಡಿಯುವುದು ಹೆಚ್ಚಾಗಿ ಮೈಕ್ರೋಸಾಫ್ಟಿನದೇ ಐಐಎಸ್ ವೆಬ್ ಸರ್ವರ್. ವಿಂಡೋಸಿನ ಸರ್ವೀಸಸ್ ಪಟ್ಟಿಯಲ್ಲಿ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳ ಪಟ್ಟಿ) ವರ್ಲ್ಡ್ ವೈಡ್ ವೆಬ್ ಪಬ್ಲಿಷಿಂಗ್ ಸರ್ವಿಸ್ ಓಡುತ್ತಿದೆಯೇ ನೋಡಿ. ಯಾರಿಗೂ ಬೇಡವಾದರೆ ಅಲ್ಲಿಂದಲೇ ನಿಲ್ಲಿಸಬಹುದು.

ಕಾಸರಗೋಡಿನ ಮಕ್ಕಳಿಗೆ ಶಾಲೆಯಲ್ಲಿ ಲಿನಕ್ಸ್ (ಉಬುಂಟು ಅದರದೇ ಒಂದು ಬಗೆ), ಎಷ್ಟೋ ಮನೆಗಳಲ್ಲಿ ವಿಂಡೋಸ್. "ಮಾಸ್ಟ್ರೇ, ಉಬುಂಟುವಿನಲ್ಲಿ ಹೇಗೆ?" ಎಂದು ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಆಜ್ಞೆ) ಬರೆದು, ಜಾಗ ಬಿಟ್ಟು ಎಸ್‌ಎಸ್, ಮತ್ತೆ ಜಾಗ ಬಿಟ್ಟು ಅಡ್ಡಗೆರೆಗೆ ತಾಗಿಸಿ ಎಲ್, ಟಿ, ಎನ್, ಪಿ, ಎಲ್ಲವೂ ಸಣ್ಣಕ್ಷರ. ಸುಡೋ ಬಿಟ್ಟರೆ ಬೇರೆ ಬಳಕೆದಾರರ ಪ್ರೋಗ್ರಾಂಗಳ ಹೆಸರು ಕಾಣಿಸದು.

ಹೆಸರು ತಿಳಿದ ಮೇಲೂ ಎಂಡ್ ಟಾಸ್ಕ್ ಒತ್ತಲು ಆತುರ ಬೇಡ. ಉಳಿಸದ ಕೆಲಸ ಹೋದೀತು, ಸರ್ವಿಸ್ ಆಗಿದ್ದರೆ ತಾನಾಗಿ ಮತ್ತೆ ಎದ್ದೀತು. ನಾವು ಐಐಎಸ್ ತಂಟೆಗೆ ಹೋಗದೆ, ಅಪಾಚಿಯ ಕಾನ್ಫಿಗ್ ಫೈಲಿನಲ್ಲಿ ಲಿಸನ್ 80 ಇದ್ದದ್ದನ್ನು 8080 ಮಾಡಿದೆವು. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದ ಮೇಲೆ ಕೋಲನ್ ಹಾಕಿ 8080 ಸೇರಿಸಬೇಕೆಂಬ ಚೀಟಿ ಈಗ ವಾಚನಾಲಯದ ಮಾನಿಟರಿನ ಅಂಚಿನಲ್ಲಿ ಅಂಟಿಕೊಂಡಿದೆ.