ಬೆಂಗಳೂರಿನ ಎಂ.ಜಿ. ರೋಡ್ ಕಡೆ ಕೂತು ಮಾತಾಡೋಕೆ ಬಾರ್ ಹುಡುಕ್ತಿದ್ರೆ

ಚರ್ಚ್ ಸ್ಟ್ರೀಟ್‌ನಲ್ಲಿ ಈಗ ವೀಕೆಂಡ್ ಬಂದ್ರೆ ಡಿಜೆ, ಕವರ್ ಚಾರ್ಜ್, ಬಾಗಿಲಲ್ಲಿ ಕ್ಯೂ. ಪಕ್ಕದಲ್ಲಿ ಕೂತವರ ಮಾತೇ ಕೇಳಿಸಲ್ಲ. ಬೇಜಾರಾಗಬೇಡಿ, ಅಲ್ಲಿಂದ ಒಂದು ತಿರುವು ಆಚೆ ನಡೀರಿ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ ಪಬ್ 1989ರಿಂದ ಇದೆ. ಹಳೇ ರಾಕ್ ಹಾಡು, ಮರದ ಬೆಂಚು, ಮಗ್‌ನಲ್ಲಿ ಬಿಯರ್, ಅಷ್ಟೇ. ಪೂರ್ತಿ ನಿಶ್ಶಬ್ದ ಅಲ್ಲ, ಆದ್ರೆ ಯಾರೂ ಅವಸರ ಮಾಡಲ್ಲ. ಹರಟೆಯೇ ಮುಖ್ಯ ಅನ್ನೋರಿಗೆ ಸೇಂಟ್ ಮಾರ್ಕ್ಸ್ ರಸ್ತೆಯ ಹಳೇ ಬಾರ್-ರೆಸ್ಟೋರೆಂಟ್ ಕೋಶೀಸ್. ಒಬ್ಬರೇ ಪುಸ್ತಕ ಹಿಡಿದು ಕೂರೋದಕ್ಕೂ ನನ್ನ ಪ್ರಕಾರ ಅದಕ್ಕಿಂತ ಒಳ್ಳೆ ಜಾಗ ಆ ಸುತ್ತಲಲ್ಲಿ ಇಲ್ಲ.

ಗೊತ್ತಿಲ್ಲದ ಏರಿಯಾದಲ್ಲಿ ಬಾರ್ ಹುಡುಕೋದಾದ್ರೆ ವಾರದ ನಡುವೆ ಸಂಜೆ ಆರರ ಹೊತ್ತಿಗೆ ಹೋಗಿ ನೋಡಿ. ಆಗಲೇ ಹಿರಿಯರು ನಾಲ್ಕು ಜನ ಕೂತು ಕಡಲೆಬೀಜ ಮಸಾಲ ತಿಂತಿದ್ರೆ, ವೇಟರ್ ಅವರನ್ನ ಹೆಸರು ಹಿಡಿದು ಮಾತಾಡಿಸ್ತಿದ್ರೆ ಧೈರ್ಯವಾಗಿ ಕೂತ್ಕೊಳ್ಳಿ. ಹೆಣ್ಣುಮಕ್ಕಳು ಜೊತೆಗಿದ್ರೆ ‘ಫ್ಯಾಮಿಲಿ ಸೆಕ್ಷನ್ ಇದೆಯಾ ಅಣ್ಣಾ’ ಅಂತ ಮೊದಲೇ ಕೇಳಿ, ಎಷ್ಟೋ ಹಳೇ ಬಾರ್‌ಗಳಲ್ಲಿ ಅದು ಮಹಡಿ ಮೇಲಿರುತ್ತೆ. ಪೆಕೋಸ್, ಕೋಶೀಸ್‌ಗೆ ಹೋಗೋಕೆ ಗಾಡಿ ಬೇಡ. ಎಂ.ಜಿ. ರೋಡ್ ಮೆಟ್ರೋ ನಡೆದು ಹೋಗೋ ದೂರದಲ್ಲೇ ಇದೆ, ಕೊನೇ ರೈಲಿನ ಟೈಮ್ ಮಾತ್ರ ಹೋಗುವಾಗಲೇ ನೋಡ್ಕೊಳ್ಳಿ.