ಸೈಟ್ ತೆರೆಯುತ್ತಿಲ್ಲವೇ? ಮೊದಲು ತಡೆ ಎಲ್ಲಿದೆ ನೋಡಿ

ಸೈಟ್ ತೆರೆಯದಿದ್ದರೆ ಕೈಗೆ ಸಿಕ್ಕ ಉಚಿತ ವಿಪಿಎನ್ (ನಿಮ್ಮ ಸಂಚಾರವನ್ನು ಗೂಢಲಿಪಿಯಲ್ಲಿ ಬೇರೊಂದು ಸರ್ವರ್ ಮೂಲಕ ಒಯ್ಯುವ ಸೇವೆ) ಹಾಕಿಕೊಳ್ಳುವವರೇ ಹೆಚ್ಚು. ಆದರೆ ಸರ್ಕಾರಗಳು ತಡೆ ಹಾಕುವ ಬಗೆ ಹಲವು. ಒಂದಕ್ಕೆ ನಾಟುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ.

ಅದೇ ಸೈಟನ್ನು ಮೊಬೈಲ್ ಡೇಟಾದಲ್ಲೂ ಬೇರೆ ಕಂಪನಿಯ ವೈಫೈನಲ್ಲೂ ತೆರೆದು ನೋಡಿ. ‘ಸೈಟ್ ಸಿಗಲಿಲ್ಲ’ ಎಂದು ತಟ್ಟನೆ ಬಂದರೆ, ಇಲ್ಲವೇ ಸರ್ಕಾರದ ನೋಟಿಸ್ ಕಂಡರೆ, ತಡೆ ಬಹುಶಃ ಡಿಎನ್‌ಎಸ್‌ನಲ್ಲಿದೆ, ಅಂದರೆ ಸೈಟಿನ ಹೆಸರಿಗೆ ಅದರ ಐಪಿ ವಿಳಾಸ (ಸಂಖ್ಯೆಯ ವಿಳಾಸ) ಹುಡುಕಿಕೊಡುವ ವ್ಯವಸ್ಥೆಯಲ್ಲಿದೆ: ವಿಳಾಸ ಕೇಳಿದಾಗಲೇ ಸುಳ್ಳು ಉತ್ತರ ಬರುತ್ತಿದೆ. ‘ಕನೆಕ್ಷನ್ ರೀಸೆಟ್’ ಎಂದರೆ ನಡುವಿನ ಯಂತ್ರವೊಂದು ಸೈಟಿನ ಹೆಸರು ಓದಿ ಸಂಪರ್ಕ ಕಡಿದಿರಬಹುದು. ಎಚ್‌ಟಿಟಿಪಿಎಸ್ (ಗೂಢಲಿಪಿಯ ವೆಬ್ ಸಂಪರ್ಕ) ಇದ್ದರೂ ಮೊದಲ ಸಂದೇಶದಲ್ಲಿ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ಸುತ್ತಿ ಸುತ್ತಿ ಟೈಮ್‌ಔಟ್ ಆದರೆ ಐಪಿಯನ್ನೇ ಮುಚ್ಚಿರಬಹುದು. ಬರಹ ಬಂದು ವಿಡಿಯೊ ಮಾತ್ರ ನಿಂತರೆ ವೇಗ ಇಳಿಸಿದ್ದಾರೆ ಎಂಬ ಗುಮಾನಿ ಇರಲಿ.

ಸರ್ಟಿಫಿಕೇಟ್ (ಸೈಟ್ ಅಸಲಿ ಎಂದು ತೋರಿಸುವ ಡಿಜಿಟಲ್ ಗುರುತು) ಎಚ್ಚರಿಕೆ ಬಂದರೆ ‘ಮುಂದುವರಿಸಿ’ ಒತ್ತಲೇಬೇಡಿ. 2019ರಲ್ಲಿ ಕಜಕಸ್ತಾನದಲ್ಲಿ ಸರ್ಕಾರದ ಸರ್ಟಿಫಿಕೇಟ್ ಹಾಕಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಿದ್ದರು; ಅದನ್ನು ಹಾಕಿಕೊಂಡರೆ ಗೂಢಲಿಪಿಯ ಸಂಚಾರವನ್ನೂ ನಡುವೆ ಬಿಚ್ಚಿ ಓದಬಹುದು. ಗೂಗಲ್, ಮೊಝಿಲ್ಲಾ, ಆಪಲ್ ಬ್ರೌಸರ್‌ಗಳು ಅದನ್ನು ತಿರಸ್ಕರಿಸಿದವು.

ಡಿಎನ್‌ಎಸ್ ತಡೆ ದಾಟುವುದು ಸುಲಭ, ಆದರೆ ಗೂಗಲ್‌ನ ಡಿಎನ್‌ಎಸ್ ವಿಳಾಸ 8.8.8.8 ಅನ್ನು ಬರೀ ಹಾಕಿದರೆ ಸಾಲದು. 2014ರಲ್ಲಿ ಟರ್ಕಿಯಲ್ಲಿ ಟ್ವಿಟರ್ ಮುಚ್ಚಿದಾಗ ಜನ ಈ ಸಂಖ್ಯೆಯನ್ನು ಗೋಡೆಗಳ ಮೇಲೂ ಬರೆದರು. ಕೆಲವೇ ದಿನಗಳಲ್ಲಿ ಆ ವಿಳಾಸದ ಸಂಚಾರವನ್ನೇ ಬೇರೆಡೆಗೆ ತಿರುಗಿಸಲಾಯಿತು. ಹಾಗಾಗಿ ಗೂಢಲಿಪಿಯ ಡಿಎನ್‌ಎಸ್ ಬೇಕು. ಆಂಡ್ರಾಯ್ಡ್ 9 ಅಥವಾ ನಂತರದ್ದಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವೇಟ್ ಡಿಎನ್‌ಎಸ್’ಗೆ ಹೋಗಿ ನಂಬುವ ಸೇವೆಯ ಹೋಸ್ಟ್ ಹೆಸರು ಹಾಕಿ. ಇದು ಸಾಮಾನ್ಯವಾಗಿ 853ನೇ ಪೋರ್ಟ್ (ಸಂಚಾರಕ್ಕೆ ಬಾಗಿಲಿನಂಥ ಸಂಖ್ಯೆ) ಬಳಸುತ್ತದೆ. ಆ ಪೋರ್ಟನ್ನೇ ಮುಚ್ಚಿದ್ದರೆ ಫೋನಿನ ಇಂಟರ್ನೆಟ್ ಪೂರ್ತಿ ನಿಂತಂತೆ ಕಾಣುತ್ತದೆ. ಗಾಬರಿ ಬೇಡ, ‘ಆಟೊಮ್ಯಾಟಿಕ್’ಗೆ ಮರಳಿಸಿ, ಬ್ರೌಸರ್‌ನೊಳಗಿನ ‘ಸೆಕ್ಯೂರ್ ಡಿಎನ್‌ಎಸ್’ ಆನ್ ಮಾಡಿ. ಅದು 443ರಲ್ಲಿ ಮಾಮೂಲಿ ವೆಬ್ ಸಂಚಾರದ ಜೊತೆಗೇ ಹೋಗುತ್ತದೆ.

ಉಳಿದ ತಡೆಗಳಿಗೆ ವಿಪಿಎನ್ ಅಥವಾ ಟಾರ್ (ಸಂಚಾರವನ್ನು ಹಲವು ಸರ್ವರ್‌ಗಳ ಮೂಲಕ ಸುತ್ತಿಸುವ ಜಾಲ). ವಿಪಿಎನ್ ಹಾಕಿದರೆ ನೀವು ಏನು ನೋಡುತ್ತೀರಿ ಎಂಬುದು ನೆಟ್‌ವರ್ಕ್ ಕಂಪನಿಗೆ ಕಾಣದು, ವಿಪಿಎನ್ ಬಳಸುತ್ತಿದ್ದೀರಿ ಎಂಬುದು ಕಾಣಬಹುದು. ಕೆಲವು ದೇಶಗಳಲ್ಲಿ ಅದಕ್ಕೂ ದಂಡವಿದೆ. ಕಾನೂನು ನೋಡಿಕೊಂಡೇ ಹೆಜ್ಜೆ ಇಡಿ. ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ಸಾಮಾನ್ಯ ವಿಪಿಎನ್ ವಿಧಾನಗಳ ಪ್ಯಾಕೆಟ್ ಗುರುತು ಹಿಡಿಯುವುದು ಕಷ್ಟವಲ್ಲ, ಆದ್ದರಿಂದ ಸಂಚಾರದ ರೂಪ ಮರೆಮಾಚುವ ಆಯ್ಕೆ ಇರುವುದನ್ನೇ ಹುಡುಕಿ. ಆಂಡ್ರಾಯ್ಡ್‌ನಲ್ಲಿ ‘ಆಲ್ವೇಸ್ ಆನ್’ ಜೊತೆಗೆ ‘ವಿಪಿಎನ್ ಇಲ್ಲದ ಸಂಪರ್ಕ ತಡೆ’ಯನ್ನೂ ಆನ್ ಮಾಡಿ, ಇಲ್ಲದಿದ್ದರೆ ವಿಪಿಎನ್ ಕಡಿದ ಗಳಿಗೆಯಲ್ಲಿ ಎಲ್ಲವೂ ಬಯಲು.

ಟಾರ್ ಬ್ರೌಸರ್ ನೇರವಾಗಿ ಕೂಡಿಕೊಳ್ಳದಿದ್ದರೆ ಸೆಟ್ಟಿಂಗ್ಸ್‌ನ ‘ಕನೆಕ್ಷನ್’ನಲ್ಲಿ ಬ್ರಿಡ್ಜ್ (ಟಾರ್ ಜಾಲಕ್ಕೆ ಸೇರಿಸುವ ಬದಲಿ ದಾರಿ) ಆರಿಸಿ. ಬ್ರೌಸರ್ ಒಳಗೇ ಬರುವ ಒಬ್ಫ್ಸ್4 ಬಗೆಯ ಬ್ರಿಡ್ಜ್‌ಗಳ ವಿಳಾಸ ಎಲ್ಲರಿಗೂ ಗೊತ್ತು, ಮೊದಲು ಮುಚ್ಚುವುದೂ ಅವನ್ನೇ. ಸ್ನೋಫ್ಲೇಕ್ ಎಂಬ ಬ್ರಿಡ್ಜ್ ಸ್ವಯಂಸೇವಕರ ಬ್ರೌಸರ್‌ಗಳ ಮೂಲಕ ಹೋಗುತ್ತದೆ, ಹೊರಗಿನಿಂದ ವಿಡಿಯೊ ಕರೆಯಂತೆ ಕಾಣುತ್ತದೆ; ನಿಧಾನ, ಆಗಾಗ ಕಡಿಯುತ್ತದೆ, ಆದರೂ ಕೆಲಸಕ್ಕೆ ಬರುತ್ತದೆ. ಅದೂ ಸೋತರೆ ‘ಬ್ರಿಡ್ಜ್ ಕೇಳಿ’ ಒತ್ತಿ ಹೊಸದು ಪಡೆಯಿರಿ, ಅಥವಾ ವೆಬ್‌ಟನಲ್ ಬ್ರಿಡ್ಜ್ ತರಿಸಿಕೊಳ್ಳಿ. ಯಾವುದೂ ಕೂಡದಿದ್ದರೆ ಫೋನಿನ ಗಡಿಯಾರ ನೋಡಿ; ಸಮಯ ತಪ್ಪಿದ್ದರೆ ಟಾರ್ ಕೂಡಿಕೊಳ್ಳುವುದೇ ಇಲ್ಲ. ಎಷ್ಟೋ ಸಲ ದೋಷ ಇಷ್ಟೇ ಇರುತ್ತದೆ.

ಮಾತುಕತೆಗೆ ಸಿಗ್ನಲ್ ಎಂಬ ಸಂದೇಶ ಆ್ಯಪ್ ಇರಲಿ. ಅದು ಮುಚ್ಚಿಹೋದರೆ ‘ಡೇಟಾ ಆ್ಯಂಡ್ ಸ್ಟೋರೇಜ್’ನ ‘ಪ್ರಾಕ್ಸಿ’ಯಲ್ಲಿ (ಸಂದೇಶ ದಾಟಿಸುವ ನಡುವಿನ ಸರ್ವರ್) ಹೊರದೇಶದ ನಂಬಿಗಸ್ತರು ಕೊಟ್ಟ ವಿಳಾಸ ಹಾಕಿ. ವಾಟ್ಸ್‌ಆ್ಯಪ್‌ನಲ್ಲೂ 2023ರಿಂದ ಪ್ರಾಕ್ಸಿ ಇದೆ, ಆದರೆ ಅದರ ಕ್ಲೌಡ್ ಬ್ಯಾಕಪ್‌ಗೆ ಗೂಢಲಿಪಿಯನ್ನು ನೀವೇ ಆನ್ ಮಾಡಬೇಕು. ಟೆಲಿಗ್ರಾಂನ ‘ಸೀಕ್ರೆಟ್ ಚಾಟ್’ ಬಿಟ್ಟರೆ ಉಳಿದ ಚಾಟ್‌ಗಳು, ಗುಂಪುಗಳು ಸೇರಿ, ಕಂಪನಿಯ ಸರ್ವರ್‌ಗೆ ತೆರೆದೇ ಇರುತ್ತವೆ. ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಮೊಬೈಲ್ ಕಂಪನಿಯ ಕೈಯಲ್ಲಿ ಹಾದು ಬರುತ್ತದೆ, ಹಾಗಾಗಿ ಸಿಗ್ನಲ್‌ನ ‘ರಿಜಿಸ್ಟ್ರೇಷನ್ ಲಾಕ್’ (ನಿಮ್ಮ ಪಿನ್ ಇಲ್ಲದೆ ಬೇರೆಯವರು ನಿಮ್ಮ ಸಂಖ್ಯೆ ನೋಂದಾಯಿಸದಂತೆ ತಡೆಯುವುದು) ಆನ್ ಮಾಡುವುದನ್ನು ಬಿಡಬೇಡಿ. ಯಾವ ಆ್ಯಪ್ ಇದ್ದರೂ ಫೋನ್ ಯಾವ ಟವರ್‌ನಡಿ ಇದೆ ಎಂಬುದು ಕಂಪನಿಗೆ ಗೊತ್ತೇ ಇರುತ್ತದೆ.

ತಪಾಸಣೆಗೆ ಸಿಗಬಹುದಾದ ದಾರಿಯಲ್ಲಿ ಹೋಗುವ ಮುನ್ನ ಬೆರಳಚ್ಚು ಲಾಕ್ ತೆಗೆದು ಉದ್ದದ ಪಾಸ್‌ವರ್ಡ್ ಇಡಿ, ಫೋನ್ ಆಫ್ ಮಾಡಿ.

2011ರ ಜನವರಿಯಲ್ಲಿ ಈಜಿಪ್ಟ್‌ನಲ್ಲಾದಂತೆ ಇಡೀ ಇಂಟರ್ನೆಟ್ಟೇ ನಿಂತರೆ ವಿಪಿಎನ್, ಟಾರ್ ಎರಡೂ ನಿಷ್ಪ್ರಯೋಜಕ. ಆಗ ಆಂಡ್ರಾಯ್ಡ್‌ನ ಬ್ರಯರ್ ಎಂಬ ಸಂದೇಶ ಆ್ಯಪ್ ಉಪಯೋಗಕ್ಕೆ ಬರುತ್ತದೆ: ಬ್ಲೂಟೂತ್‌ನಲ್ಲಿ ಸುಮಾರು 10 ಮೀಟರ್, ಇಲ್ಲವೇ ಒಂದೇ ವೈಫೈನಲ್ಲಿ ಸಂದೇಶ ದಾಟಿಸುತ್ತದೆ. ಎದುರೆದುರು ಕೂತು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಬ್ಬರನ್ನೊಬ್ಬರು ಸೇರಿಸಿಕೊಳ್ಳಬಹುದು. ಆ್ಯಪ್ ಇಲ್ಲದವರಿಗೆ ಬ್ರಯರ್‌ನ ಒಳಗಿಂದಲೇ ಹಾಟ್‌ಸ್ಪಾಟ್ ಮೂಲಕ ಕೊಡಲೂ ಬರುತ್ತದೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಅದನ್ನು ಹಿನ್ನೆಲೆಯಲ್ಲಿ ಕೊಲ್ಲದಂತೆ ವಿನಾಯಿತಿ ಕೊಡಿ, ಇಲ್ಲದಿದ್ದರೆ ಪಕ್ಕದಲ್ಲೇ ಕೂತವರ ಸಂದೇಶವೂ ತಲುಪುವುದಿಲ್ಲ.